ಶಿಶುಪೋಷಣೆಯಲ್ಲಿ ಪ್ರಮಾಣವಿಚಾರ

(ಶ್ರೀಮಠದ ಸುವರ್ಣ ಮಹೋತ್ಸವದ ಮಾತೃಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ವ್ಯಾಕರಣವನ್ನು ಕುರಿತೋ ತರ್ಕವನ್ನು ಕುರಿತೋ ಮಾತನಾಡಬೇಕೆಂದು ಅಪ್ಪಣೆಯಾಗಿದ್ದರೆ ನನಗೆ ಇಷ್ಟು ಸಂಕೋಚವಾಗುತ್ತಿರಲಿಲ್ಲ. ಹಸುಗೂಸುಗಳ ಲಾಲನೆ ಪಾಲನೆಗಳ ವಿಷಯವಾಗಿ ನಾಲ್ಕು ಮಾತುಗಳನ್ನು ಹೇಳಬೇಕೆಂದು ಅಪ್ಪಣೆಯಾಯಿತು. ನಾನು ವೈದ್ಯನಲ್ಲ, ಪಾಠಶಾಲೆಯಲ್ಲಿ ತರ್ಕ ವ್ಯಾಕರಣಗಳನ್ನು ಓದಿ, ಅವನ್ನೇ ಓದಿಸುತ್ತ ಐವತ್ತು ವರುಷಗಳನ್ನು ದಾಟಿದವನು. ಆದರೂ ಈ ಭಾರವನ್ನು ಹೊತ್ತುದಕ್ಕೆ ಎರಡು ಕಾರಣಗಳುಂಟು. ಕೂಸನ್ನು ಎತ್ತಿಕೊಂಡು ಮಠಕ್ಕೆ ಬರುವ ತಾಯಂದಿರು ಶ್ರೀಗಳವರ ಆಶೀರ್ವಾದವನ್ನು ಪಡೆದ ಮೇಲೆ, ಜಗಲಿಯಲ್ಲಿ ಕುಳಿತಿರುವ ನನ್ನನ್ನು ಕೇಳುವುದುಂಟು: "ಅತ್ತೆಯವರು ಹೀಗೆನ್ನುತ್ತಾರೆ, ಡಾಕ್ಟರು ಹಾಗೆನ್ನುತ್ತಾರೆ, ನಾವು ಯಾರ ಮಾತನ್ನು ನಡೆಸಬೇಕು, ಶಾಸ್ತ್ರಿಗಳೇ?" ಇದು ಮೊದಲನೆಯ ಕಾರಣ. ಎರಡನೆಯದು ನನ್ನ ಮನೆಯಲ್ಲಿಯೇ ನಡೆದ ಒಂದು ಸಂಗತಿ. ಅದನ್ನು ಮೊದಲು ಅರಿಕೆ ಮಾಡಿಕೊಂಡ ಹೊರತು ಮುಂದಿನ ಮಾತುಗಳನ್ನಾಡುವ ಅಧಿಕಾರ ನನಗಿಲ್ಲ.

1992ನೆಯ ಇಸವಿ, ಮುಂಗಾರು ಮೊದಲಾದ ದಿನಗಳು. ಪಾಠಶಾಲೆಯ ರಜೆಯಲ್ಲಿ ನಾನು ಊರಿಗೆ ಹೋಗಿದ್ದೆನು. ಅಕ್ಕನು ಎಂಟು ತಿಂಗಳ ಚೊಚ್ಚಲ ಕೂಸಿನೊಡನೆ ತವರಿಗೆ ಬಂದಿದ್ದಳು. ಕೂಸಿಗೆ ಭೇದಿ ಹತ್ತಿತು. ಹೊಟ್ಟೆಗೆ ಹೋದುದೆಲ್ಲ ಹೊರಕ್ಕೆ ಹರಿಯುತ್ತಿರುವಾಗ ಏನನ್ನೂ ಕೊಡಲಾಗದೆಂದು ಮನೆಯವರು ಮೊಲೆಹಾಲು, ಗಂಜಿ, ನೀರು ಎಲ್ಲವನ್ನೂ ನಿಲ್ಲಿಸಿದರು. ಎರಡನೆಯ ದಿನ ಇಳಿಹೊತ್ತಿನಲ್ಲಿ ಅಕ್ಕನು ನನ್ನ ಬಳಿಗೆ ಬಂದು, "ತಮ್ಮಾ, ನೀನು ಓದಿದವನು. ಕೂಸು ಬಾಯಿಬಾಯಿ ಬಿಡುತ್ತಿದೆ. ಒಂದು ಗುಟುಕು ನೀರು ಕೊಡಲೇ?" ಎಂದು ಕೇಳಿದಳು. ಉಪವಾಸವೇ ಪರಮೌಷಧವೆಂಬ ಮಾತನ್ನು ನಾನು ಕಂಠಪಾಠ ಮಾಡಿದ್ದೆನು; ಅದು ಯಾವ ರೋಗಕ್ಕೆ, ಯಾವ ವಯಸ್ಸಿನವರಿಗೆ ಎಂಬುದನ್ನು ಮಾತ್ರ ಎಂದೂ ಕೇಳಿರಲಿಲ್ಲ. ಆ ಮಾತನ್ನು ಸಂಸ್ಕೃತದಲ್ಲಿಯೇ ಹೇಳಿ, ಕೊಡಬೇಡವೆಂದೆನು. ಓದಿದ ತಮ್ಮನ ಮಾತೆಂದು ಅಕ್ಕನು ನಂಬಿದಳು. ಮೂರನೆಯ ದಿನ ಕೂಸಿನ ನೆತ್ತಿ ಕುಳಿಬಿದ್ದಿತು. ಅದು ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಆಮೇಲೆ ಅಳುವುದೂ ನಿಂತಿತು. ಪೇಟೆಗೆ ಒಯ್ಯುವ ಹಾದಿಯಲ್ಲಿಯೇ ತೀರಿಕೊಂಡಿತು.

ಅದು ವಿಧಿಯೆಂದು ನಾವೆಲ್ಲರೂ ಹೇಳಿಕೊಂಡೆವು. ಎಷ್ಟೋ ವರುಷಗಳ ತರುವಾಯ ನನಗೆ ತಿಳಿದ ಸಂಗತಿ ಬೇರೆ. ಭೇದಿಯಾದಾಗ ಕೊಲ್ಲುವುದು ಬಹುಮಟ್ಟಿಗೆ ದೇಹದ ನೀರು ಮತ್ತು ಉಪ್ಪುಗಳ ನಾಶವೇ. ಆ ಸ್ಥಿತಿಯಲ್ಲಿಯೂ ಕರುಳಿನಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ: ಸಕ್ಕರೆಯು ಉಪ್ಪನ್ನು ಒಳಗೆ ಕರೆದೊಯ್ಯುವುದು, ಅವೆರಡರ ಹಿಂದೆ ನೀರು ಹೋಗುವುದು. ಇದನ್ನು ಬಳಸಿ 1968ರಲ್ಲಿಯೇ ಢಾಕಾ ನಗರದಲ್ಲಿ ಕಾಲರಾ ರೋಗಿಗಳ ಮೇಲೆ ಪರೀಕ್ಷೆ ನಡೆದಿತ್ತು. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಬಂಗಾಳದ ಬನಗಾಂವಿನಲ್ಲಿ ಕಾಲರಾ ಬಂದು ಸಾಯುತ್ತಿರುವಾಗ, ನರಕ್ಕೆ ಏರಿಸುವ ದ್ರವವು ಮುಗಿಯುತ್ತ ಬಂದುದರಿಂದ, ಡಾ. ದಿಲೀಪ್ ಮಹಲನಾಬಿಸ್ ಎಂಬವರು ಸಕ್ಕರೆ ಉಪ್ಪುಗಳ ನೀರನ್ನು ಪೀಪಾಯಿಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು ಅವರ ಶಿಬಿರದಲ್ಲಿ 3.6ಕ್ಕೆ ಇಳಿಯಿತು. ಆ ಮಹನೀಯರು 2022ರಲ್ಲಿ ತೀರಿಕೊಂಡರು. ಅವರು ಬನಗಾಂವಿನಲ್ಲಿ ಈ ಕೆಲಸವನ್ನು ಮಾಡಿದ 21 ವರುಷಗಳಾದ ಮೇಲೆ ನನ್ನ ಅಕ್ಕನು ಒಂದು ಗುಟುಕು ನೀರಿಗಾಗಿ ನನ್ನನ್ನು ಕೇಳಿದಳು. ತಾಯಿಯ ಮನಸ್ಸು ಸರಿಯಾದುದನ್ನೇ ಹೇಳುತ್ತಿತ್ತು. ಓದಿದವನ ನಾಲಿಗೆ ಅದನ್ನು ತಡೆಯಿತು.

ತಾಯಂದಿರೇ, ನಾನು ಓದಿದ ಶಾಸ್ತ್ರವೇನೂ ಕುರುಡು ಶಾಸ್ತ್ರವಾಗಿರಲಿಲ್ಲ. ಪಾಠಶಾಲೆಯಲ್ಲಿ ಮೊದಲು ಕಲಿಸುವ ತರ್ಕಸಂಗ್ರಹವೆಂಬ ಚಿಕ್ಕ ಪುಸ್ತಕದಲ್ಲಿಯೇ ಅರಿವಿನ ಸಾಧನಗಳು ನಾಲ್ಕೆಂದು ಹೇಳಿದೆ: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಇದ್ದುದನ್ನು ಇದ್ದಂತೆ ಹೇಳುವವನು. ವಯಸ್ಸಾದ ಮಾತ್ರಕ್ಕೆ ಒಬ್ಬರು ಎಲ್ಲ ವಿಷಯಗಳಲ್ಲಿಯೂ ಆಪ್ತರಾಗರು; ಪ್ರೀತಿಯುಳ್ಳವರಾದ ಮಾತ್ರಕ್ಕೂ ಆಗರು; ನನ್ನಂತೆ ನಾಲ್ಕು ಸೂತ್ರ ಬಂದ ಮಾತ್ರಕ್ಕಂತೂ ಆಗರು. ವಿಜ್ಞಾನದ ಪುರಾವೆಯೆಂದು ಈಗ ಜನರು ಕರೆಯುವುದು ನಮ್ಮ ಮನೆಗೆ ಹೊರಗಿನ ವಸ್ತುವಲ್ಲ. ನಮ್ಮ ತಾರ್ಕಿಕರು ಹೇಳಿದ ದೋಷಗಳನ್ನು ಒಂದೊಂದಾಗಿ ಕಳೆದು, ಎಣಿಸಿ, ತೂಗಿ ಪಡೆದ ಅರಿವೇ ಅದು. ಇದನ್ನು ಎರಡು ದೃಷ್ಟಾಂತಗಳಿಂದ ವಿವರಿಸುವೆನು.

ಮೊದಲನೆಯದು ಕಾಕತಾಲೀಯ. ಕಾಗೆ ಕುಳಿತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯೇ ಹಣ್ಣನ್ನು ಕೆಡವಿತೆಂದು ನೋಡಿದವನು ತಿಳಿದನು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಕೂಸಿಗೆ ಕಾಮಾಲೆಯಾದರೆ, ಹೊಟ್ಟೆ ಉಬ್ಬಿದರೆ ಬರೆ ಹಾಕುವ ಪದ್ಧತಿ ಇನ್ನೂ ಅಳಿದಿಲ್ಲ. ಬರೆ ಹಾಕಿದ ಮೇಲೆ ಕಾಮಾಲೆ ಇಳಿಯಿತೆಂದು ಹತ್ತು ಮನೆಯವರು ಸಾಕ್ಷಿ ನುಡಿಯುವರು. ಅವರು ಸುಳ್ಳು ಹೇಳುವವರಲ್ಲ. ಆದರೆ ನವಜಾತ ಶಿಶುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಎರಡು ಮೂರನೆಯ ದಿನ ಮೈ ಹಳದಿಯಾಗಿ, ದಿನ ತುಂಬಿ ಹುಟ್ಟಿದವುಗಳಲ್ಲಿ ಸಾಮಾನ್ಯವಾಗಿ ಎರಡು ವಾರದೊಳಗೆ ತಾನಾಗಿಯೇ ಇಳಿಯುತ್ತದೆ. ಬರೆ ಹಾಕದ ಮನೆಯಲ್ಲಿಯೂ ಇಳಿಯಿತೇ ಎಂದು ಯಾರೂ ಹೋಗಿ ನೋಡುವುದಿಲ್ಲ. ಇದ್ದರೆ ಆಗುವುದೆಂಬುದು ಅನ್ವಯ. ಇಲ್ಲದಿದ್ದರೆ ಆಗದೆಂಬುದು ವ್ಯತಿರೇಕ. ನಾವು ಅನ್ವಯವನ್ನು ಮಾತ್ರ ನೋಡಿ ವ್ಯತಿರೇಕವನ್ನು ಬಿಡುವೆವು. ಇತ್ತ, ನಿಜವಾಗಿಯೂ ಕಾಮಾಲೆ ಏರುತ್ತಿರುವ ಕೆಲವೇ ಕೂಸುಗಳ ಪಾಲಿಗೆ ಬರೆಯಲ್ಲಿ ಕಳೆದ ಆ ಎರಡು ದಿನಗಳೇ ಮಿದುಳು ಕೆಡುವ ದಿನಗಳಾಗುವುವು.

ಇದೇ ರೋಗದಲ್ಲಿ ಇನ್ನೊಂದು ಬಗೆಯ ನೋಟವೂ ಉಂಟು. 1956ರಲ್ಲಿ ಇಂಗ್ಲೆಂಡಿನ ರಾಕ್‌ಫರ್ಡ್ ಆಸ್ಪತ್ರೆಯಲ್ಲಿ ವಾರ್ಡ್ ಎಂಬ ದಾದಿಯು ಅವಧಿಗೆ ಮೊದಲು ಹುಟ್ಟಿದ ಕೂಸುಗಳನ್ನು ಬಿಸಿಲಿಗೆ ಹಿಡಿಯುತ್ತಿದ್ದಳು. ಒಂದು ಕೂಸಿನ ಮೈಯೆಲ್ಲ ತಿಳಿಯಾಗಿ, ಬಟ್ಟೆಯ ಮೂಲೆ ಮುಚ್ಚಿದ್ದ ಭಾಗ ಮಾತ್ರ ಹಳದಿಯಾಗಿ ಉಳಿದುದನ್ನು ಅವಳು ವೈದ್ಯರಿಗೆ ತೋರಿಸಿದಳು. ಒಂದೇ ಮೈಯಲ್ಲಿ ಅನ್ವಯವೂ ವ್ಯತಿರೇಕವೂ ಅಚ್ಚೊತ್ತಿದಂತಿದ್ದುವು. ವೈದ್ಯರು ಅಲ್ಲಿಗೆ ತೃಪ್ತರಾಗದೆ ರಕ್ತವನ್ನು ಪರೀಕ್ಷಿಸಿ, ದೀಪಗಳನ್ನು ಮಾಡಿಸಿ, 1958ರಲ್ಲಿ ಫಲವನ್ನು ಪ್ರಕಟಿಸಿದರು. 1968ರಲ್ಲಿ ಅಮೆರಿಕದ ವೆರ್ಮಾಂಟಿನಲ್ಲಿ ದೀಪವಿಟ್ಟ ಕೂಸುಗಳನ್ನೂ ಇಡದ ಕೂಸುಗಳನ್ನೂ ಹೋಲಿಸಿ ನೋಡಿದರು. ಕಾಮಾಲೆ ಏರಿದ ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸುವ ಚಿಕಿತ್ಸೆ ಹೀಗೆ ಬಂದಿತು. ಅನುಭವವು ಹೀನವೆಂದು ನಾನು ಹೇಳುತ್ತಿಲ್ಲವೆಂಬುದನ್ನು ಗಮನಿಸಬೇಕು. ದಾದಿಯ ಅನುಭವವೇ ಇಲ್ಲಿ ಬೀಜ. ಬೀಜವನ್ನು ಬಿತ್ತಿ ನೋಡದೆ ಬೆಳೆಯೆಂದು ಕರೆಯಬಾರದು, ಇಷ್ಟೇ.

ಎರಡನೆಯ ದೋಷವು ಉಪಾಧಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದರೆ ತಾರ್ಕಿಕನು ಒಪ್ಪನು. ಕಾದ ಕಬ್ಬಿಣದಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಕಾರಣವಾದುದು ನಡುವೆ ಅಡಗಿರುವ ಹಸಿ ಕಟ್ಟಿಗೆ. ಡಬ್ಬಿಯ ಹಾಲಿನ ಪುಡಿಯಿಂದ ಬೆಳೆದ ಕೂಸು ಗುಂಡುಗುಂಡಾಗಿರುವುದನ್ನು ನೋಡಿ ಪುಡಿಯೇ ಶ್ರೇಷ್ಠವೆಂದು ಒಬ್ಬರು ತಿಳಿಯಬಹುದು. ಆದರೆ ಡಬ್ಬಿಯನ್ನು ಕೊಳ್ಳಬಲ್ಲ ಮನೆಯಲ್ಲಿ ಶುದ್ಧ ನೀರು, ಔಷಧ, ಹಣ ಇವೆಲ್ಲವೂ ಇದ್ದುವು. ಮೊಲೆಹಾಲೇ ಶ್ರೇಷ್ಠವೆನ್ನುವವರಿಗೂ ಇದೇ ಆಕ್ಷೇಪವನ್ನು ತರಬಹುದು: ಹಾಲೂಡಿಸುವ ತಾಯಿ ಬೇರೆಲ್ಲ ವಿಷಯಗಳಲ್ಲಿಯೂ ಜಾಗರೂಕಳಾಗಿರಬಹುದಷ್ಟೆ. ಈ ಹಸಿ ಕಟ್ಟಿಗೆಯನ್ನು ಹೊರಗೆ ಹಾಕುವುದು ಹೇಗೆ? ಆಧುನಿಕರು ಕಂಡುಕೊಂಡ ಉಪಾಯ ಬಹು ಸರಳ: ಚೀಟಿ ಎತ್ತುವುದು. ಯಾರಿಗೆ ಯಾವ ಕ್ರಮವೆಂಬುದನ್ನು ಮನುಷ್ಯನ ಇಚ್ಛೆಗೆ ಬಿಡದೆ ಚೀಟಿಗೆ ಬಿಟ್ಟರೆ, ಸಂಖ್ಯೆಯು ದೊಡ್ಡದಾದಷ್ಟೂ ಬಡವರು ಬಲ್ಲಿದರು, ಬಲಿಷ್ಠರು ದುರ್ಬಲರು ಎರಡು ಪಾಲುಗಳಲ್ಲಿಯೂ ಸಮನಾಗಿ ಹಂಚಿಹೋಗುವರು. ಆಮೇಲೆ ಕಂಡ ಭೇದಕ್ಕೆ ಆ ಕ್ರಮವೇ ಕಾರಣವೆಂದು ಧೈರ್ಯವಾಗಿ ಹೇಳಬಹುದು.

ಕೂಸಿಗೆ ಮೊಲೆಹಾಲನ್ನು ಕೊಡಬೇಡಿರೆಂದು ಯಾವ ತಾಯಿಗೂ ಚೀಟಿ ಎತ್ತುವುದು ಅಧರ್ಮ. ಆದುದರಿಂದ 1996 ಮತ್ತು 1997ರಲ್ಲಿ ಬೆಲಾರೂಸ್ ದೇಶದಲ್ಲಿ ಆಸ್ಪತ್ರೆಗಳಿಗೆ ಚೀಟಿ ಎತ್ತಿದರು. ಕೆಲವು ಆಸ್ಪತ್ರೆಗಳಲ್ಲಿ ತಾಯಂದಿರಿಗೆ ಹಾಲೂಡಿಸಲು ವಿಶೇಷವಾದ ಸಹಾಯವನ್ನೂ ಬೋಧನೆಯನ್ನೂ ಒದಗಿಸಿದರು. ಉಳಿದವುಗಳಲ್ಲಿ ವಾಡಿಕೆಯಂತೆ ನಡೆಯಿತು. ಒಟ್ಟು 17,046 ಮಕ್ಕಳನ್ನು ಗಮನಿಸಿದರು. ಮೊದಲ ವರುಷದಲ್ಲಿ ಹೊಟ್ಟೆ ಕರುಳಿನ ಸೋಂಕು ತಗಲಿದವು ವಾಡಿಕೆಯ ಪಾಲಿನಲ್ಲಿ ನೂರಕ್ಕೆ 13.2, ಸಹಾಯ ದೊರೆತ ಪಾಲಿನಲ್ಲಿ 9.1. ನಮ್ಮ ಅಜ್ಜಿಯಂದಿರ ಮೊಲೆಹಾಲಿನ ಮಾತು ಈ ಕಠಿಣ ಪರೀಕ್ಷೆಯಲ್ಲಿ ಗೆದ್ದಿತು. ನಮ್ಮ ದೇಶದಲ್ಲಿಯೂ 1992ರ ಕಾನೂನು ಶಿಶುಗಳ ಹಾಲಿನ ಪುಡಿಯ ಜಾಹೀರಾತನ್ನೂ, ಡಬ್ಬಿಯ ಮೇಲೆ ಕೂಸಿನ ಚಿತ್ರವನ್ನೂ ನಿಷೇಧಿಸಿದೆ.

ಹಾಗಾದರೆ ಡಾಕ್ಟರು ಹೇಳಿದುದೆಲ್ಲವೂ ವೇದವಾಕ್ಯವೋ ಎಂದು ನೀವು ಕೇಳಬಹುದು. ಅಲ್ಲ. ವೈದ್ಯನ ಮಾತೂ ಶಬ್ದಪ್ರಮಾಣವೇ. ಅದರ ಹಿಂದೆ ಪರೀಕ್ಷೆಯಿದ್ದರೆ ಮಾತ್ರ ಅದಕ್ಕೆ ಬಲ. ಅಮೆರಿಕದ ಬೆಂಜಮಿನ್ ಸ್ಪಾಕ್ ಎಂಬ ಪ್ರಸಿದ್ಧ ವೈದ್ಯರ ಶಿಶುಪಾಲನೆಯ ಪುಸ್ತಕವು 1946ರಲ್ಲಿ ಹೊರಟು, ಲೋಕದಲ್ಲೆಲ್ಲ ಮನೆಮನೆಗೂ ಹೋಯಿತು. 1956ರ ಆವೃತ್ತಿ ಮೊದಲ್ಗೊಂಡು, ಕೂಸನ್ನು ಬೋರಲಾಗಿ ಮಲಗಿಸುವುದೇ ಲೇಸೆಂದು ಅವರು ಬರೆದರು. ಅಂಗಾತ ಮಲಗಿದ ಕೂಸು ವಾಂತಿ ಮಾಡಿದರೆ ಉಸಿರು ಕಟ್ಟೀತೆಂಬುದು ಅವರ ಹೇತು. ಕೇಳುವುದಕ್ಕೆ ಯುಕ್ತಿಯುಕ್ತವಾಗಿಯೇ ಇದೆ. ಆದರೆ ಅದು ಹೇತುವಲ್ಲ, ಹೇತ್ವಾಭಾಸ. ನಿದ್ದೆಯಲ್ಲಿಯೇ ಕಾರಣವಿಲ್ಲದೆ ಸಾಯುವ ಕೂಸುಗಳನ್ನು ಬದುಕಿದವುಗಳೊಡನೆ ಹೋಲಿಸಿ ನೋಡಿದಾಗ ಬೋರಲು ಮಲಗಿಸುವುದೇ ಅಪಾಯವೆಂದು ಕಂಡುಬಂದಿತು. 1991ರಲ್ಲಿ ಬ್ರಿಟನ್ನಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ಕೂಸನ್ನು ಅಂಗಾತ ಮಲಗಿಸಿರೆಂದು ಸಾರಿದರು. ಅಂಥ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದುವು. 2005ರಲ್ಲಿ ಹಳೆಯ ಲೆಕ್ಕಗಳನ್ನೆಲ್ಲ ಒಟ್ಟುಗೂಡಿಸಿದ ವಿದ್ವಾಂಸರು, 1970ರ ಹೊತ್ತಿಗೇ ಈ ಸತ್ಯವನ್ನು ಕಾಣಬಹುದಾಗಿತ್ತೆಂದು ತೋರಿಸಿದರು. ಒಳ್ಳೆಯವರಾದ ದೊಡ್ಡವರ ಮಾತನ್ನು ಯಾರೂ ಪರೀಕ್ಷಿಸದೆ ಹೋದುದರಿಂದ ಎಷ್ಟು ತೊಟ್ಟಿಲುಗಳು ಬರಿದಾದುವೋ!

ನಮ್ಮ ಹೊಲಗಳ ಶೇಂಗಾದ ಕಥೆಯೂ ಇಂಥದೇ. ಶೇಂಗಾ ಒಗ್ಗದೆ ಮೈಯೇಳುವ, ಉಸಿರು ಕಟ್ಟುವ ವ್ಯಾಧಿಯು ಪಶ್ಚಿಮ ದೇಶಗಳ ಮಕ್ಕಳಲ್ಲಿ ಹೆಚ್ಚುತ್ತಿರಲು, ಅಂಥ ಭಯವುಳ್ಳ ಮಕ್ಕಳಿಗೆ ಮೂರು ವರುಷದವರೆಗೆ ಅದನ್ನು ಕೊಡಕೂಡದೆಂದು ಅಮೆರಿಕದ ಮಕ್ಕಳ ವೈದ್ಯರ ಸಂಸ್ಥೆಯು 2000ದಲ್ಲಿ ಹೇಳಿ, ಆಧಾರ ಸಾಲದೆಂದು 2008ರಲ್ಲಿ ಹಿಂತೆಗೆದುಕೊಂಡಿತು. 2015ರಲ್ಲಿ ಲಂಡನ್ನಿನ ವೈದ್ಯರು 640 ಮಕ್ಕಳಿಗೆ ಚೀಟಿ ಎತ್ತಿ ಮಾಡಿದ ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಐದನೆಯ ವಯಸ್ಸಿನಲ್ಲಿ, ಶೇಂಗಾವನ್ನು ದೂರವಿಟ್ಟ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿಗೆ ಆ ವ್ಯಾಧಿಯಿದ್ದಿತು. ಎಳವೆಯಿಂದಲೇ ತಿನ್ನಿಸಿದ ಮಕ್ಕಳಲ್ಲಿ ಸುಮಾರು 3 ಮಂದಿಗೆ ಮಾತ್ರ. ಉಪದೇಶವು ತಲೆಕೆಳಗಾಗಿತ್ತು. (ಹಾಗೆಂದು ಇಡೀ ಕಾಳನ್ನು ಕೂಸಿನ ಬಾಯಿಗೆ ಹಾಕಬೇಡಿರಿ, ಗಂಟಲಲ್ಲಿ ಸಿಕ್ಕೀತು. ಅರೆದು, ಮೆತ್ತಗೆ ಮಾಡಿ ಉಣಿಸತಕ್ಕದ್ದು.) ವಿಜ್ಞಾನವು ತಪ್ಪುವುದಿಲ್ಲವೆಂದು ನಾನು ಅದನ್ನು ಗೌರವಿಸುವುದಿಲ್ಲ, ತಪ್ಪಿದುದನ್ನು ಬರೆದಿಟ್ಟು, ಎಲ್ಲರೆದುರಿಗೆ ತಿದ್ದಿಕೊಳ್ಳುವುದೆಂದು ಗೌರವಿಸುವೆನು. ಅಷ್ಟು ಪ್ರಾಮಾಣಿಕತೆಯನ್ನು ನಾವು ನಮ್ಮ ರೂಢಿಗಳ ವಿಷಯದಲ್ಲಿಯೂ ತೋರಿಸಬೇಕು.

ರೂಢಿಗಳನ್ನು ಹೀಗೆ ತೂಗಿದರೆ ಮೂರು ರಾಶಿಗಳಾಗುವುವು. ಮೊದಲನೆಯದು ಪರೀಕ್ಷೆಯಲ್ಲಿ ಗೆದ್ದುದು. ಮೊಲೆಹಾಲಿನ ವಿಷಯವನ್ನು ಹೇಳಿದೆನು. ತುಂಬಿದ ಆರು ತಿಂಗಳವರೆಗೆ ಅದೊಂದೇ ಸಾಕು, ಬೇಸಗೆಯಲ್ಲಿಯೂ ಬೇರೆ ನೀರು ಬೇಡ. ಆಮೇಲೆ ಮೆತ್ತನೆಯ ಆಹಾರದೊಡನೆ ಎರಡು ವರುಷ ಮತ್ತು ಅದಕ್ಕೂ ಮುಂದೆ ಊಡಿಸಬಹುದು. ಕೂಸನ್ನು ಎದೆಗವಚಿಕೊಳ್ಳುವುದೂ ಗೆದ್ದುದೇ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಪೆಟ್ಟಿಗೆಯ ಯಂತ್ರಗಳು ಸಾಲದೆ, ಎಡ್ಗರ್ ರೇ ಎಂಬ ವೈದ್ಯರು ತೂಕ ಕಡಿಮೆಯಾದ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಹಗಲಿರುಳೂ ಕಟ್ಟಿಸಿದರು. 2021ರಲ್ಲಿ ಭಾರತವೂ ಸೇರಿ ಐದು ದೇಶಗಳಲ್ಲಿ 3,211 ಎಳೆಯ ಕೂಸುಗಳಿಗೆ ಚೀಟಿ ಎತ್ತಿದ ಪರೀಕ್ಷೆಯ ಫಲ ಹೊರಬಂದಿತು: ಹುಟ್ಟಿದ ಒಡನೆಯೇ ಎದೆಗೆ ಕಟ್ಟಿದವುಗಳಲ್ಲಿ 28 ದಿನಗಳೊಳಗಿನ ಸಾವು ನೂರಕ್ಕೆ 12.0, ಸ್ಥಿತಿ ಸುಧಾರಿಸುವ ತನಕ ಬೇರೆಯಾಗಿರಿಸಿದವುಗಳಲ್ಲಿ 15.7. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಕ್ರಮವನ್ನು ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಆಚರಣೆಗೆ ತಂದು ಅಧ್ಯಯನ ಮಾಡಿದ್ದಾರೆ.

ಎರಡನೆಯ ರಾಶಿ, ಬಿಡತಕ್ಕದ್ದು. ಹೆತ್ತ ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟದೆಂದು ಹಿಂಡಿ ಚೆಲ್ಲುವುದು. ರೋಗವನ್ನು ತಡೆಯುವ ಶಕ್ತಿ ಅದರಲ್ಲಿಯೇ ಅಧಿಕ. ಹುಟ್ಟಿದ ಕೂಸಿಗೆ ಜೇನು ನೆಕ್ಕಿಸುವುದು. ಜೇನಿನಲ್ಲಿ ಒಂದು ಬಗೆಯ ವಿಷಕ್ರಿಮಿಯ ಬೀಜಗಳಿರಬಹುದೆಂದೂ, ದೊಡ್ಡವರಿಗೆ ಹಾನಿಮಾಡದ ಅವು ಎಳೆಗರುಳಿನಲ್ಲಿ ಮೊಳೆತು ಅಂಗಾಂಗಗಳನ್ನು ಸೋಲಿಸುವುವೆಂದೂ 1976ರಿಂದೀಚೆಗೆ ತಿಳಿದುಬಂದಿದೆ. ಆದುದರಿಂದ ಒಂದು ವರುಷ ತುಂಬುವವರೆಗೆ ಜೇನು ಕೂಡದು. ಸೀಸದ ಅಂಶವಿರಬಹುದಾದ ಕಾಡಿಗೆಯನ್ನು ಕಣ್ಣಿಗೆ ತೀಡುವುದು, ಮೂಗಿಗೆ ಎಣ್ಣೆ ಬಿಡುವುದು, ಬರೆ ಹಾಕುವುದು ಇವೆಲ್ಲ ಈ ರಾಶಿಗೆ ಸೇರಿದುವು. ಮೂರನೆಯ ರಾಶಿಯಲ್ಲಿ ಜೋಗುಳ, ತೊಟ್ಟಿಲ ಶಾಸ್ತ್ರ, ಮೆಲ್ಲನೆ ಎಣ್ಣೆ ಸವರಿ ಎರೆಯುವುದು ಮೊದಲಾದುವುಗಳಿವೆ. ಇವುಗಳಿಗೆ ಲೆಕ್ಕದ ಸಾಕ್ಷಿ ಬೇಕೆಂದು ಹಟ ಹಿಡಿಯುವವನು ಅರಸಿಕನು. ಹಾನಿಯಿಲ್ಲದುದನ್ನೂ ಸಂತೋಷವನ್ನು ಕೊಡುವುದನ್ನೂ ಬಿಡಬೇಕೆಂದು ಯಾವ ವಿಜ್ಞಾನವೂ ಹೇಳುವುದಿಲ್ಲ.

ಹೀಗಿರುವುದರಿಂದ, ಅತ್ತೆಯ ಮಾತೋ ಡಾಕ್ಟರ ಮಾತೋ ಎಂದು ಜಗಲಿಯಲ್ಲಿ ನನ್ನನ್ನು ಕೇಳುವ ತಾಯಿಗೆ ನಾನು ಈಗ ಉತ್ತರವನ್ನು ಕೊಡುವುದಿಲ್ಲ. ನಾಲ್ಕು ಪ್ರಶ್ನೆಗಳನ್ನು ಕೊಡುವೆನು. ಇದನ್ನು ಮಾಡದಿದ್ದ ಕೂಸುಗಳಿಗೆ ಏನಾಯಿತು? ಎಷ್ಟು ಕೂಸುಗಳಲ್ಲಿ ನೋಡಿದ್ದಾರೆ? ನಡುವೆ ಹಸಿ ಕಟ್ಟಿಗೆ ಯಾವುದಾದರೂ ಇದೆಯೇ? ಈ ಮಾತು ಸುಳ್ಳಾದರೆ ನನ್ನ ಕೂಸಿಗೆ ಆಗುವ ನಷ್ಟವೆಷ್ಟು? ಒಬ್ಬ ತಾಯಿಯೇ ಇದೆಲ್ಲವನ್ನು ಶೋಧಿಸಲಾರಳು, ನಿಜ. ಆದರೆ ಕೇಳಬಲ್ಲಳು. ಕೇಳಿದರೆ ಕೋಪಿಸಿಕೊಳ್ಳದೆ ಉತ್ತರ ಕೊಡುವವರು ಆಪ್ತರು. ಕೋಪಿಸಿಕೊಳ್ಳುವವರು, ಅವರು ಬಿಳಿಯ ಅಂಗಿಯವರಾಗಲಿ ಕಾವಿಯ ನೆರಳಿನಲ್ಲಿರುವ ನನ್ನಂಥವರಾಗಲಿ, ಆಪ್ತರಲ್ಲ.

ಅರಿವು ಪುಸ್ತಕದಲ್ಲಿ ಉಳಿದರೆ ಫಲವಿಲ್ಲ, ಆಚಾರವಾಗಬೇಕು. ನೆರೆಯ ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್ ಮತ್ತು ರಾಣಿ ಬಂಗ್ ಎಂಬ ವೈದ್ಯ ದಂಪತಿಗಳು ಹಳ್ಳಿಯ ಹೆಂಗಸರಿಗೇ ನವಜಾತ ಶಿಶುವಿನ ಆರೈಕೆಯನ್ನು ಕಲಿಸಿ, 39 ಹಳ್ಳಿಗಳಲ್ಲಿ ಮನೆಮನೆಗೆ ಕಳುಹಿಸಿದರು. ಬೇರೆ 47 ಹಳ್ಳಿಗಳನ್ನು ಹೋಲಿಕೆಗೆ ಇಟ್ಟುಕೊಂಡರು. ಮೂರನೆಯ ವರುಷದಲ್ಲಿ ನವಜಾತರ ಸಾವು ನೂರಕ್ಕೆ 62ರಷ್ಟು ತಗ್ಗಿತೆಂದು 1999ರಲ್ಲಿ ಲೋಕಕ್ಕೆ ತಿಳಿಸಿದರು. ನಮ್ಮ ಊರುಗಳಲ್ಲಿ ಬಾಣಂತಿಯ ಮನೆಗೆ ಆಶಾ ಕಾರ್ಯಕರ್ತೆಯರು ಬಂದು ಕೂಸನ್ನು ತೂಗಿ ನೋಡುವುದಕ್ಕೆ ಮೂಲವು ಅಲ್ಲಿದೆ. ಆ ತಾಯಿ ಮನೆಗೆ ಬಂದಾಗ ಮಣೆ ಕೊಟ್ಟು ಕುಳ್ಳಿರಿಸಿ ಕೇಳಿಕೊಳ್ಳಿರಿ. ಅವಳ ಚೀಲದಲ್ಲಿ ಓ.ಆರ್.ಎಸ್. ಪೊಟ್ಟಣವಿರುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ಶುದ್ಧವಾದ ನೀರಿನಲ್ಲಿ ಕರಗಿಸಿ, ಚಮಚದಿಂದ ಮೇಲಿಂದ ಮೇಲೆ ಕುಡಿಸಬೇಕು; ಮೊಲೆಹಾಲನ್ನೂ ಅನ್ನವನ್ನೂ ನಿಲ್ಲಿಸಕೂಡದು; ಜೊತೆಗೆ 14 ದಿನ ಸತುವಿನ ಗುಳಿಗೆಯನ್ನು ಅವರು ಹೇಳಿದ ಪ್ರಮಾಣದಲ್ಲಿ ಕೊಡಬೇಕು. ಕೂಸು ಮಂಕಾದರೆ, ಕುಡಿಯದಿದ್ದರೆ, ಮಲದಲ್ಲಿ ರಕ್ತ ಕಂಡರೆ ಕ್ಷಣವೂ ತಡೆಯದೆ ಆಸ್ಪತ್ರೆಗೆ ಒಯ್ಯಬೇಕು.

ಈ ಸಂಗತಿಯನ್ನು ಸಭೆಯಲ್ಲಿ ಹೇಳಲೇ ಎಂದು ಹೋದ ತಿಂಗಳು ಅಕ್ಕನನ್ನು ಕೇಳಿದೆನು. ಅವಳು ಈಗ ಮೊಮ್ಮಕ್ಕಳನ್ನು ಕಂಡವಳು. ಅಂದಿನಿಂದ ಇಂದಿನವರೆಗೂ ನನ್ನನ್ನು ಒಂದು ಮಾತು ಆಡಿಲ್ಲ. ಅವಳ ಮನೆಯ ದೀಪದ ಗೂಡಿನಲ್ಲಿ ಎರಡು ಪೊಟ್ಟಣಗಳು ಯಾವಾಗಲೂ ಇರುತ್ತವೆ; ಓಣಿಯಲ್ಲಿ ಯಾರ ಕೂಸಿಗೆ ಭೇದಿಯಾದರೂ ತಾನೇ ಕೊಂಡೊಯ್ದು ಕಲಸಿಕೊಡುವಳು. ನನ್ನ ಪ್ರಶ್ನೆಗೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೇಳು ತಮ್ಮಾ, ಇನ್ನೊಬ್ಬಳ ಕಿವಿಗೆ ಬೀಳಲಿ" ಎಂದಳು. ಅವಳ ಅಪ್ಪಣೆಯಿಂದಲೇ ಇಷ್ಟನ್ನು ಹೇಳಿದೆನು.

ಶ್ರೀಮಠದ ದಾಸೋಹಕ್ಕೆ ಬರುವ ತಾಯಂದಿರಿಗೆ ಪ್ರಸಾದದೊಡನೆ ಈ ಪೊಟ್ಟಣವೂ ಇಂಥ ತಿಳಿವಳಿಕೆಯೂ ದೊರೆಯುವಂತೆ ಏರ್ಪಾಡಾಗಬೇಕೆಂದು ಶ್ರೀಗಳವರಲ್ಲಿ ಬಿನ್ನವಿಸುವೆನು.